ನಮ್ಮೂರಲ್ಲೇ ನಮ್ಮ ಕಾಗದಪತ್ರ, ನೆನಪು ಉಳಿಸೋದು ಹೇಗೆ? ಮಾಡಿದವರು ಹೇಳಿ

ಕೇಳಿದವರು, ತುಮಕೂರು:
ನಮ್ಮದು ಸಣ್ಣ ಗುಂಪು. ಟ್ರಾನ್ಸ್ ಮಹಿಳೆಯರು, ಕೋತಿಗಳು (ಗಂಡಾಗಿ ಹುಟ್ಟಿ ಹೆಣ್ಣಿನ ಭಾವ, ನಡೆ ಇರುವವರು), ಲೆಸ್ಬಿಯನ್ ಹುಡುಗಿಯರು, ಜೊತೆಗೆ ಹಳೆಯ ಮಹಿಳಾ ಸಂಘಟನೆಯ ಅಕ್ಕಂದಿರು ಇದ್ದಾರೆ. ಅವರ ಮನೆ ಅಟ್ಟದಲ್ಲಿ ಕರಪತ್ರ, ಫೋಟೋ, ಕ್ಯಾಸೆಟ್ ತುಂಬಿವೆ. ಹಿಜ್ರಾ ಗುರುಗಳಿಗೆ ವಯಸ್ಸಾಗುತ್ತಿದೆ, ಅವರ ಮಾತು ರೆಕಾರ್ಡ್ ಮಾಡಬೇಕು. ದುಡ್ಡಿಲ್ಲ. ಒಂದು ಬಾಡಿಗೆ ರೂಮಿದೆ. ಯಾವ ಸ್ಕ್ಯಾನರ್ ತಗೊಳ್ಳಲಿ? ಎಲ್ಲಿಂದ ಶುರು ಮಾಡಲಿ?

ಉತ್ತರ, ಕೋಲಾರದಿಂದ:
ಸ್ಕ್ಯಾನರ್ ಆಮೇಲೆ ನೋಡೋಣ. ಯಾವುದನ್ನು ಯಾರು ನೋಡಬಹುದು ಅನ್ನೋದನ್ನು ಮೊದಲು ತೀರ್ಮಾನ ಮಾಡಿ.

ನಾವು ಕೋಲಾರ, ಕೆಜಿಎಫ್ ಕಡೆ ಈ ಕೆಲಸ ಮಾಡುತ್ತಾ ಬಂದಿದ್ದೇವೆ. ಶುರುವಿನಲ್ಲೇ ಒಬ್ಬ ಗುರು ಕೇಳಿದರು, "ನೀವು ಬರೆದುಕೊಳ್ಳುವ ಪಟ್ಟಿ ನಾಳೆ ಯಾರ ಕೈಗೆ ಹೋಗುತ್ತೆ?" ಸುಮ್ನೆ ಕೇಳಿದ ಪ್ರಶ್ನೆಯಲ್ಲ ಅದು. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದಾಗ ಹಿಜ್ರಾಗಳನ್ನೂ ರಿಜಿಸ್ಟರಿಗೆ ಹಾಕಿಸಿದರು. 2011ರಲ್ಲಿ ನಮ್ಮದೇ ರಾಜ್ಯದ ಪೊಲೀಸ್ ಕಾಯ್ದೆಗೆ 36ಎ ಕಲಂ ಸೇರಿಸಿ, ಅನುಮಾನದ ಹೆಸರಲ್ಲಿ ಅವರ ಹೆಸರು, ವಿಳಾಸ ಬರೆದಿಡುವ ಅಧಿಕಾರವನ್ನು ಪೊಲೀಸ್ ಕಮಿಷನರ್‌ಗೆ ಕೊಟ್ಟರು. ಸಂಘಟನೆಗಳು ಹೈಕೋರ್ಟಿಗೆ ಹೋದ ಮೇಲೆ ಅದನ್ನು ತಿದ್ದಿದರು. ಅದಕ್ಕೇ ಪಟ್ಟಿ ಅಂದರೆ ನಮ್ಮ ಹಿರಿಯರಿಗೆ ಭಯ. ಆ ಭಯಕ್ಕೆ ಉತ್ತರ ಕೊಡದೆ ಮೈಕ್ ಹಿಡಿದು ಕೂರಬೇಡಿ.

ಹೆಸರು ಬದಲಿಸಿದರೆ ಸಾಕು ಅಂತ ತುಂಬಾ ಜನ ಹೇಳುತ್ತಾರೆ. ಬೆಂಗಳೂರಿನಲ್ಲಿ ನಡೆಯುತ್ತೇನೋ, ನಮ್ಮಂಥ ಊರಲ್ಲಿ ನಡೆಯಲ್ಲ. "ಬಸ್ ಸ್ಟ್ಯಾಂಡ್ ಹತ್ತಿರ ಹೂವು ಮಾರುತ್ತಿದ್ದಳು, ತಮ್ಮ ಲೈನ್‌ಮ್ಯಾನ್" ಅಂದರೆ ಮುಗಿಯಿತು, ಇಡೀ ಊರಿಗೆ ಯಾರು ಅಂತ ಗೊತ್ತಾಗುತ್ತದೆ. ದನಿ ಕೇಳಿಯೇ ಹೇಳುವವರಿದ್ದಾರೆ. ಅದಕ್ಕೆ ನಾವು ಮೂರು ಥರ ಮಾಡಿಕೊಂಡೆವು. ಎಲ್ಲರಿಗೂ ತೋರಿಸಬಹುದಾದದ್ದು, ಸಮುದಾಯದವರು ಮಾತ್ರ ನೋಡಬಹುದಾದದ್ದು, ಕೊಟ್ಟವರು ಇರೋವರೆಗೂ ಮುಚ್ಚಿಡಬೇಕಾದದ್ದು. ಒಂದೊಂದು ಫೋಟೋಗೂ ಬೇರೆಬೇರೆಯಾಗಿ ಕೇಳಬೇಕು. ಫೋಟೋ ಕೊಟ್ಟವರು ಹೂಂ ಅನ್ನಬಹುದು, ಆದರೆ ಅವರ ಪಕ್ಕ ಸೀರೆ ಉಟ್ಟು ನಿಂತವರು ಇವತ್ತು ಮದುವೆಯಾಗಿ ಮಕ್ಕಳ ಜೊತೆ ಇನ್ನೊಂದೂರಲ್ಲಿ ಇರಬಹುದು. ಗುರು ಒಪ್ಪಿದರು ಅಂದರೆ ಚೇಲಾ (ಅವರ ಶಿಷ್ಯೆ) ಒಪ್ಪಿದ ಹಾಗೆ ಅಲ್ಲ, ಗುರು ಎದುರಿಗೆ ಕೂತಾಗ ಚೇಲಾ ಬೇಡ ಅನ್ನೋದೂ ಇಲ್ಲ. ಅವರನ್ನು ಒಂಟಿಯಾಗಿ ಕೇಳಿ. ಕೆಲವು ತಿಂಗಳು ಬಿಟ್ಟು ಇನ್ನೊಮ್ಮೆ ಕೇಳಿ. ಬೇಡ ಅಂದರೆ ಬ್ಯಾಕಪ್‌ನಿಂದಲೂ ಅಳಿಸಿ.

ಇನ್ನೊಂದು ವಿಷಯ. ಏಡ್ಸ್ ತಡೆ ಕಾರ್ಯಕ್ರಮದ ಕಾಲದ ರಿಜಿಸ್ಟರ್, ಲೈನ್ ಲಿಸ್ಟ್ (ಒಬ್ಬೊಬ್ಬರ ವಿವರ ಬರೆದ ಪಟ್ಟಿ) ಯಾರಾದರೂ ತಂದುಕೊಟ್ಟರೆ ತಗೊಳ್ಳಬೇಡಿ. ಯಾರಿಗೆ ಎಚ್‌ಐವಿ ಇದೆ ಅನ್ನೋದನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆ ಬಿಡಬಾರದು ಅಂತ 2017ರ ಕಾಯ್ದೆಯೇ ಹೇಳುತ್ತದೆ. ಅದರಲ್ಲೂ ಚರಿತ್ರೆ ಇದೆ ಅಂತ ಆಸೆಯಾಗುತ್ತದೆ, ನನಗೂ ಆಗಿದೆ. ಆದರೂ ಬೇಡ.

ಉತ್ತರ, ಚಿಕ್ಕಬಳ್ಳಾಪುರದಿಂದ:
ಮೇಲಿನವರು ಹೇಳಿದ್ದು ಸರಿ. ನಾನು ಕೈಕೆಲಸದ ಬಗ್ಗೆ ಹೇಳುತ್ತೇನೆ.

ದುಬಾರಿ ಸ್ಕ್ಯಾನರ್ ಬೇಡ, ಸಾಧಾರಣ ಫ್ಲ್ಯಾಟ್‌ಬೆಡ್ ಸಾಕು. ಕಾಗದಕ್ಕೆ 300 ಡಿಪಿಐ (ಸ್ಕ್ಯಾನ್ ಎಷ್ಟು ಸ್ಪಷ್ಟ ಅನ್ನೋ ಅಳತೆ), ಸಣ್ಣ ಫೋಟೋಗೆ 600. ಮೂಲ ಪ್ರತಿ ಗುಣಮಟ್ಟ ಕೆಡದ ಟಿಫ್‌ನಲ್ಲಿ ಇರಲಿ, ಹಂಚೋಕೆ ಚಿಕ್ಕ ಫೈಲಾಗುವ ಜೆಪೆಗ್ ಮಾಡಿಕೊಳ್ಳಿ. ಫೋಟೋ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ, ಸ್ಟುಡಿಯೋ ಸೀಲು, ತಾರೀಖು ಎಲ್ಲ ಅಲ್ಲೇ ಇರುತ್ತದೆ. ವಾಟ್ಸಾಪ್‌ನಲ್ಲಿ ಫೋಟೋ ತರಿಸಿದರೆ ಕುಗ್ಗಿ ಬರುತ್ತದೆ, ಡಾಕ್ಯುಮೆಂಟ್ ಅಂತ ಕಳಿಸೋಕೆ ಹೇಳಿ. ಗುಂಡುಪಿನ್ನು, ಸ್ಟೇಪಲ್ ತೆಗೆಯಿರಿ, ತುಕ್ಕು ಹಿಡಿಯುತ್ತವೆ. ರಬ್ಬರ್ ಬ್ಯಾಂಡ್ ಕರಗಿ ಅಂಟಿಕೊಳ್ಳುತ್ತದೆ. ದಮ್ಮಯ್ಯ, ಲ್ಯಾಮಿನೇಷನ್ ಮಾಡಿಸಬೇಡಿ! ಅಕ್ಕಂದಿರು ಪ್ರೀತಿಯಿಂದ ಮಾಡಿಸಿಬಿಡುತ್ತಾರೆ, ಆಮೇಲೆ ಬಿಡಿಸೋಕೆ ಆಗಲ್ಲ. ಕ್ಯಾಸೆಟ್‌ನಲ್ಲಿ ಬಿಳಿ ಬೂಸ್ಟು ಕಂಡರೆ ಪ್ಲೇಯರ್‌ಗೆ ಹಾಕಬೇಡಿ, ಒಂದರ ಬೂಸ್ಟು ಎಲ್ಲದಕ್ಕೂ ಹರಡುತ್ತದೆ. ಅದನ್ನು ಬೇರೆ ಇಟ್ಟು, ಗೊತ್ತಿರುವವರಿಗೇ ಕೊಡಿ. ಎಲ್ಲದಕ್ಕೂ ಮೂರು ಪ್ರತಿ ಬೇಕು, ಒಂದಾದರೂ ಬೇರೆ ಊರಲ್ಲಿ ಇರಲಿ. ಹಾರ್ಡ್ ಡಿಸ್ಕ್‌ಗೆ ಪಾಸ್‌ವರ್ಡ್ ಹಾಕಿ, ಅದು ಇಬ್ಬರಿಗಾದರೂ ಗೊತ್ತಿರಲಿ.

ರೆಕಾರ್ಡಿಂಗ್‌ಗೆ ಫೋನೇ ಸಾಕು. ಏರ್‌ಪ್ಲೇನ್ ಮೋಡ್ ಹಾಕಿ, ಫ್ಯಾನ್ ಆಫ್ ಮಾಡಿ. ಮಾತಾಡುವವರು ಯಾವ ಭಾಷೆಯಲ್ಲಿ ನಗುತ್ತಾರೋ ಅದರಲ್ಲೇ ಮಾತಾಡಲಿ. ಬಾಗೇಪಲ್ಲಿ ಕಡೆ ಅದು ತೆಲುಗು, ಕೆಜಿಎಫ್‌ನಲ್ಲಿ ತಮಿಳು, ಎಷ್ಟೋ ಜನರಿಗೆ ಉರ್ದು. ಕನ್ನಡದಲ್ಲೇ ಹೇಳಿ ಅಂತ ಕೂರಿಸಿದರೆ ಸಭೆಯಲ್ಲಿ ಭಾಷಣ ಮಾಡಿದ ಹಾಗೆ ಮಾತಾಡುತ್ತಾರೆ.

ಹಳೆಯ ದಾಖಲೆ ಹುಡುಕುವವರಿಗೆ ಒಂದು ಮಾತು: ನಮ್ಮ ಜಿಲ್ಲೆ ಆಗಿದ್ದು 2007ರಲ್ಲಿ, ಅದಕ್ಕೂ ಹಿಂದಿನದು ಕೋಲಾರದ ಹೆಸರಲ್ಲೇ ಇರುತ್ತದೆ. ನಿಮ್ಮದು 2014ರ ನವೆಂಬರ್‌ವರೆಗೆ ಇಂಗ್ಲಿಷಿನಲ್ಲಿ 'ತುಮ್ಕೂರ್' ಅಂತಿತ್ತು. ಪಟ್ಟಿ ಮಾಡುವಾಗ ಎರಡೂ ಹೆಸರು ಹಾಕಿ.

ಉತ್ತರ, ತುಮಕೂರಿನಿಂದಲೇ, ಮಹಿಳಾ ಸಂಘಟನೆಯಲ್ಲಿದ್ದವಳು:
ಕೋಲಾರದವರ ಮಾತಿಗೆ ನನ್ನದು ಸ್ವಲ್ಪ ತಕರಾರಿದೆ. ಎಲ್ಲವನ್ನೂ ಮುಚ್ಚಿಡೋದಾದರೆ ನನ್ನ ಅಟ್ಟವೇ ಸಾಕಲ್ವಾ? ಕರಪತ್ರ ಹಂಚಿದ್ದೇ ಜನ ನೋಡಲಿ ಅಂತ. ವರದಕ್ಷಿಣೆ ಸಾವುಗಳ ವಿರುದ್ಧ ಧರಣಿ ಕೂತಿದ್ದು, ಸಾರಾಯಿ ಅಂಗಡಿ ಮುಂದೆ ನಿಂತಿದ್ದು, 2007ರ ಜುಲೈನಲ್ಲಿ ಸಾರಾಯಿ ನಿಷೇಧ ಆಗೋ ಮೊದಲಿನ ಆ ಗಲಾಟೆಯೆಲ್ಲ ಬೀದಿಯಲ್ಲೇ ನಡೆದದ್ದು. ಅವನ್ನು ಮೊದಲ ದಿನದಿಂದಲೇ ತೆರೆದಿಡಿ, ಶಾಲೆ ಮಕ್ಕಳೂ ನೋಡಲಿ. ಸ್ತ್ರೀಶಕ್ತಿ ಸಂಘಗಳ ನಡಾವಳಿ ಪುಸ್ತಕ ಸಿಕ್ಕರೆ ಬಿಡಬೇಡಿ, ಅವನ್ನು ರದ್ದಿಗೆ ಹಾಕುತ್ತಿದ್ದಾರೆ. ಆದರೆ ಅದರಲ್ಲಿ ಯಾರ ಸಾಲ ಎಷ್ಟು ಅಂತ ಇರುತ್ತದೆ, ಆ ಪುಟಗಳು ಬೇಡ.

ನಮ್ಮ ಸಂಘಟನೆಯಲ್ಲಿ ಇಬ್ಬರು ಹೆಂಗಸರು ಕೊನೆಯವರೆಗೂ ಒಂದೇ ಮನೆಯಲ್ಲಿದ್ದರು. ಈಗಿನ ಹುಡುಗಿಯರು ಫೋಟೋ ನೋಡಿ ಲೆಸ್ಬಿಯನ್ ಜೋಡಿ ಅಂತ ಬರೆಯೋಣ ಅಂದರು. ಅವರು ತಮ್ಮನ್ನು ಹಾಗೆ ಕರೆದುಕೊಂಡಿರಲಿಲ್ಲ, ಈಗ ಕೇಳೋಣ ಅಂದರೆ ಇಬ್ಬರೂ ಇಲ್ಲ. ಕೊನೆಗೆ ಒಂದೇ ಮನೆಯಲ್ಲಿದ್ದರು, ಒಂದೇ ಪಾಸ್‌ಬುಕ್ ಇತ್ತು ಅಂತಷ್ಟೇ ಬರೆದೆವು. ಓದುವವರಿಗೆ ಅರ್ಥವಾಗುತ್ತದೆ.

ರೂಮು ಚಿಕ್ಕದು ಅಂತ ಬೇಜಾರು ಬೇಡ. ನ್ಯೂಯಾರ್ಕಿನ ಲೆಸ್ಬಿಯನ್ ಹರ್‌ಸ್ಟೋರಿ ಆರ್ಕೈವ್ಸ್ ಅನ್ನೋ ದಾಖಲೆ ಸಂಗ್ರಹ 1974ರಲ್ಲಿ ಶುರುವಾಗಿ ವರ್ಷಗಟ್ಟಲೆ ಒಬ್ಬಾಕೆಯ ಅಪಾರ್ಟ್‌ಮೆಂಟಿನಲ್ಲೇ ಇತ್ತು, ಸ್ವಂತ ಕಟ್ಟಡಕ್ಕೆ ಹೋಗಿದ್ದು 1993ರಲ್ಲಿ. ಹತ್ತಿರದಲ್ಲೇ ನೋಡಬೇಕು ಅಂದರೆ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ ಕಮ್ರಾ ಅಂತ ಕ್ವಿಯರ್ ಆರ್ಕೈವ್ (ಲೈಂಗಿಕ ಅಲ್ಪಸಂಖ್ಯಾತರ ದಾಖಲೆ ಸಂಗ್ರಹ) ಇದೆ. ಹೋಗಿ ಕಲಿತು ಬನ್ನಿ. ಮೂಲ ಕಾಗದ ಮಾತ್ರ ಇಲ್ಲೇ ಇರಲಿ ಅನ್ನೋದು ನನ್ನ ಹಟ, ಇಲ್ಲಾಂದರೆ ನಮ್ಮದನ್ನು ನೋಡೋಕೆ ನಾವೇ ಬಸ್ ಹತ್ತಬೇಕು. ಗುಂಪು ಒಡೆದರೆ ಎಲ್ಲವೂ ಯಾರಿಗೆ ಹೋಗಬೇಕು ಅನ್ನೋದನ್ನು ಈಗಲೇ, ಸ್ನೇಹ ಚೆನ್ನಾಗಿರುವಾಗಲೇ, ಬರೆದು ಸಹಿ ಹಾಕಿಸಿಕೊಳ್ಳಿ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ಕರಪತ್ರದಿಂದ ಶುರು ಮಾಡುತ್ತೇವೆ, ಫೋಟೋ ಸದ್ಯಕ್ಕೆ ಮುಟ್ಟಲ್ಲ. ಕೋಲಾರದವರೇ, ನಿಮ್ಮ ಒಪ್ಪಿಗೆ ಪತ್ರದ ಖಾಲಿ ನಮೂನೆ ಸಿಗಬಹುದಾ? ಓದೋಕೆ ಬರದವರ ಹತ್ತಿರ ಹೇಗೆ ತಗೊಳ್ಳುತ್ತೀರಿ?

ಕೋಲಾರದಿಂದ:
ಕಳಿಸುತ್ತೇನೆ. ಓದೋಕೆ ಬರದವರಿಗೆ ಜೋರಾಗಿ ಓದಿ ಹೇಳಿ, ಹೂಂ ಅಥವಾ ಬೇಡ ಅಂದದ್ದನ್ನು ಅವರ ದನಿಯಲ್ಲೇ ರೆಕಾರ್ಡ್ ಮಾಡಿಕೊಳ್ಳುತ್ತೇವೆ. ಹೆಬ್ಬೆಟ್ಟು ಒತ್ತಿಸಲ್ಲ. ಸ್ಟೇಷನ್‌ನಲ್ಲಿ ಒತ್ತಿಸಿಕೊಂಡದ್ದು ಎಷ್ಟೋ ಜನಕ್ಕೆ ಇನ್ನೂ ಮರೆತಿಲ್ಲ.