ಐತಪ್ಪಣ್ಣನ ಡಿಮ್ಮರು

"ಮೂಡಿಗೆ ತಕ್ಕ ಬೆಳಕು" ಅಂತ ರಘು ಹೇಳಿದ್ದೇ ತಪ್ಪಾಯಿತು. ಕಿಟ್ಟಣ್ಣ ಬಾಯಿಗೆ ಹೋಗುತ್ತಿದ್ದ ಗೋಳಿಬಜೆಯನ್ನು ಅರ್ಧದಲ್ಲೇ ನಿಲ್ಲಿಸಿದ.

"ಎಂತ ಮೂಡು ಮಾರಾಯ? ಅಡಿಕೆಗೆ ರೇಟು ಬಂದರೆ ಒಂದು ಮೂಡು, ಕೊಳೆರೋಗ ಬಂದರೆ ಇನ್ನೊಂದು. ಎರಡಕ್ಕೂ ಒಂದೇ ಸ್ವಿಚ್ಚು ಸಾಲದಾ?"

ಕಾಸರಗೋಡಿನ ನೀರ್ಚಾಲಿನ ಹತ್ತಿರ ರಘುವಿನ ಹೊಸ ಮನೆ. ಒಕ್ಕಲಾಗಿ ವಾರವಷ್ಟೇ. ಜಗಲಿಯನ್ನು ಈಗ ಹಾಲ್ ಅನ್ನಬೇಕಂತೆ. ಅದರ ನಡುವೆ ಐದು ಬಲ್ಬಿನ ತೂಗುದೀಪ, ಗೋಡೆಯಲ್ಲಿ ತಿರುಗಿಸುವ ಗುಂಡಿಯ ಡಿಮ್ಮರ್. ತಿರುಗಿಸಿದರೆ ಬೆಳಕು ತಗ್ಗುವುದಿಲ್ಲ, ಪಟಪಟ ಮಿಟುಕುತ್ತದೆ, ಮೇಲಿಂದ ಜುಂಯ್ ಅಂತ ಸದ್ದು ಬೇರೆ. ಹಾಗಾಗಿ ಬಾಬು ಏಣಿಯ ಮೇಲೆ, ನಾವು ಚಾ ಗ್ಲಾಸು ಹಿಡಿದು ಕೆಳಗೆ.

"ದರ್ಶನ ಬಂದ ಹಾಗೆ ಉಂಟಲ್ಲ" ಅಂದರು ಮಾಷ್ಟ್ರು.

"ಎಷ್ಟು ವ್ಯಾಟಿನ ಡಿಮ್ಮರ್ ತಂದದ್ದು?" ಬಾಬು ಕೇಳಿದ.

"400ರದ್ದು. ದೊಡ್ಡದಿದ್ದರೆ ಒಳ್ಳೆಯದಲ್ವಾ?"

"ನಿನ್ನ ಬಲ್ಬು ಐದೂ ಸೇರಿ 20 ವ್ಯಾಟು. ಇದು ಹಳೇ ತಂತಿ ಬಲ್ಬಿಗೆ ಮಾಡಿದ್ದು. ಕಡಿಮೆ ಅಂದ್ರೂ 40 ವ್ಯಾಟು ಬೇಕು ಅಂತ ಇದರ ಬೆನ್ನಲ್ಲೇ ಬರೆದಿದೆ, ಓದಲಿಲ್ವಾ?"

"ಮೂಡು ಇರಲಿಲ್ಲ" ಅಂದ ಕಿಟ್ಟಣ್ಣ.

ಬಾಬುವಿಗೆ ಏಣಿ ಹತ್ತಿದರೆ ಪಾಠ ಮಾಡುವ ಚಟ. ಬಲ್ಬಿನ ಡಬ್ಬಿಯ ಮೇಲೆ ಡಿಮ್ಮೆಬಲ್ ಅಂತ ಇರಬೇಕು, ಎಲ್‌ಇಡಿಗೆ ಟ್ರೇಲಿಂಗ್ ಎಡ್ಜ್ ಡಿಮ್ಮರೇ ಒಳ್ಳೆಯದು. ಕರೆಂಟು ಸೆಕೆಂಡಿಗೆ 100 ಅರ್ಧ ಅಲೆಯಾಗಿ ಬರುತ್ತದೆ, ಡಿಮ್ಮರ್ ಒಂದೊಂದರಿಂದಲೂ ಒಂದು ತುಂಡು ಕತ್ತರಿಸುತ್ತದೆ. ಹಳೆಯದು ತಲೆ ಕತ್ತರಿಸುತ್ತದೆ, ಟ್ರೇಲಿಂಗ್ ಎಡ್ಜ್‌ನದ್ದು ಬಾಲ.

"ಅಂದ್ರೆ ಸೆಕೆಂಡಿಗೆ 100 ಸಲ ಕರೆಂಟು ತೆಗೆಯಲಿಕ್ಕೆ ರಘು ದುಡ್ಡು ಕೊಟ್ಟದ್ದು. ಮಳೆಗಾಲದಲ್ಲಿ ಲೈನಿನ ಮೇಲೆ ಒಂದು ತೆಂಗಿನ ಮಡಲು ಬಿದ್ದರೆ ಧರ್ಮಕ್ಕೇ ತೆಗೆಯುತ್ತದೆ" ಅಂದ ಕಿಟ್ಟಣ್ಣ.

ಮಾಷ್ಟ್ರು ಯಕ್ಷಗಾನದ ಆಟದ ಕಡೆ ಹೊರಳಿದರು. ಅವರನ್ನು ತಡೆಯುವುದು ಕಷ್ಟ. ಹಿಂದೆ ರಂಗಸ್ಥಳಕ್ಕೆ ಗ್ಯಾಸ್‌ಲೈಟು ಇಡುತ್ತಿದ್ದದ್ದು, ಗಾಳಿ ಇಳಿದ ಹಾಗೆ ಬೆಳಕೂ ಇಳಿಯುತ್ತಿದ್ದದ್ದು, ಭಾಗವತರ ಪದದ ನಡುವೆಯೇ ಒಬ್ಬ ಬಂದು ಪಂಪು ಹೊಡೆಯುತ್ತಿದ್ದದ್ದು.

"ಅದು ಸರಿಯಾದ ಮೂಡ್ ಲೈಟು" ಅಂದ ಕಿಟ್ಟಣ್ಣ. "ಬೆಳಗ್ಗಿನ ಜಾವಕ್ಕೆ ದ್ರೌಪದಿಗೆ ಗಡ್ಡ ಚಿಗುರಿದ್ದು ಯಾರಿಗೂ ಕಾಣುತ್ತಿರಲಿಲ್ಲ. ಡಿಮ್ಮರ್ ನಮ್ಮ ಮನೆಯಲ್ಲೂ ಇತ್ತು ಮಾರಾಯ. ಗುಂಡಿ ಮಾತ್ರ ಐತಪ್ಪಣ್ಣನ ಪಂಪ್‌ಶೆಡ್ಡಿನಲ್ಲಿ. ಬೇಸಿಗೆಯ ಸಂಜೆ ಅವನು ಮೋಟರು ಹಾಕಿದ ಕೂಡಲೇ ನಮ್ಮ 60 ವ್ಯಾಟಿನ ಬಲ್ಬು ಕುಂಬಳದ ಹೂವಿನ ಬಣ್ಣಕ್ಕೆ ಬರುತ್ತಿತ್ತು. ಐತಪ್ಪ ನೀರು ಬಿಟ್ಟ ಅಂತ ಅಮ್ಮ ಅಕ್ಕಿ ತೊಳೆಯಲಿಕ್ಕೆ ಏಳುತ್ತಿದ್ದಳು. ನಾನು ಪುಸ್ತಕ ಮುಚ್ಚುತ್ತಿದ್ದೆ. ಎಸ್ಸೆಸ್ಸೆಲ್ಸಿಯಲ್ಲಿ ನನ್ನ ಗಣಿತ ಹೋದದ್ದು ಆ ಮೋಟರಿನಿಂದಲೇ."

"ಹಗಲಿನ ಕ್ಲಾಸಿನಲ್ಲೂ ನಿನಗೆ ಬೆಳಕು ಕಂಡದ್ದು ನಾನು ನೋಡಲಿಲ್ಲ" ಅಂದರು ಮಾಷ್ಟ್ರು.

"ಈಗಲೂ ಹಾಗೇ ತಗ್ಗುತ್ತದಾ?" ರಘು ಕೇಳಿದ.

"ಎಲ್ಲಿ? ತಂತಿ ಬಲ್ಬು ಬಿಡಿಸುವ ಸರಕಾರದ ಸ್ಕೀಮು, ಫಿಲಮೆಂಟ್ ರಹಿತ ಕೇರಳ ಅಂತ, ಅದರಲ್ಲಿ 9 ವ್ಯಾಟಿನ ಎಲ್‌ಇಡಿ ಬಂತಲ್ಲ."

"ಅದರೊಳಗೆ ಕರೆಂಟನ್ನು ಹದ ಮಾಡುವ ಡ್ರೈವರ್ ಅಂತ ಉಂಟು" ಬಾಬು ಮೇಲಿನಿಂದಲೇ ಹೇಳಿದ. "230 ವೋಲ್ಟು ಇದ್ದದ್ದು 160ಕ್ಕೆ ಇಳಿದರೂ ಬೆಳಕು ಹಾಗೇ. ಇಲ್ಲಿ ಮಿಟುಕುವುದೂ ಅದಕ್ಕೇ. ಡಿಮ್ಮರ್ ತಗ್ಗು ಅನ್ನುತ್ತದೆ, ಡ್ರೈವರ್ ಬಿಡುವುದಿಲ್ಲ."

"ಒಳ್ಳೆಯದೇ ಆಯಿತಲ್ಲ" ಅಂದರು ಮಾಷ್ಟ್ರು.

"ಒಳ್ಳೆಯದೇ." ಕಿಟ್ಟಣ್ಣ ತಣ್ಣಗಾದ ಚಾ ನೋಡಿದ. "ಹೋದ ಬೇಸಿಗೆಯಲ್ಲಿ ಐತಪ್ಪಣ್ಣ ತೋಟದಲ್ಲಿ ಬಿದ್ದು ಸೊಂಟ ಮುರಿದು ಮಗನೊಟ್ಟಿಗೆ ಬೆಂಗಳೂರಿಗೆ ಹೋದ. ನನಗೆ ಗೊತ್ತಾದದ್ದು ನಾಲ್ಕು ದಿನ ಕಳೆದು, ಹಾಲಿನ ಸೊಸೈಟಿಯಲ್ಲಿ. ಮೊದಲಾದರೆ ಒಂದು ಸಂಜೆ ಬಲ್ಬು ತಗ್ಗದಿದ್ದರೆ ಸಾಕು, ಐತಪ್ಪನಿಗೆ ಎಂತಾಯಿತು ನೋಡಿ ಬಾ ಅಂತ ಅಮ್ಮ ಟಾರ್ಚು ಕೊಟ್ಟು ಓಡಿಸುತ್ತಿದ್ದಳು."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ದೀಪ ಮಾತ್ರ ಮಿಟುಕುತ್ತಿತ್ತು.

ಬಾಬು ಏಣಿ ಇಳಿದ. "ಬರೀ ಸ್ವಿಚ್ಚು ಹಾಕಲಾ, ಬಲ್ಬೂ ಡಿಮ್ಮರೂ ಬೇರೆ ತರ್ತೀಯಾ?"

ರಘು ಕಿಟ್ಟಣ್ಣನ ಮುಖ ನೋಡಿದ.

"ಬೇರೆಯೇ ತಾ. ನಮ್ಮ ಮನೆಗೂ ಒಂದು ತಾ" ಅಂದ ಕಿಟ್ಟಣ್ಣ. "ಗುಂಡಿ ಮಾತ್ರ ನಿನ್ನಲ್ಲೇ ಇರಲಿ."