ಪಾಲುದಾರರ ಸಪೋರ್ಟ್ ಲೆಟರ್ ನಾವೇ ಬರೆದುಕೊಡಬಹುದಾ?

ಪ್ರಶ್ನೆ: ಮೇಡಂ, ಸಂಶೋಧನಾ ಅನುದಾನಕ್ಕೆ ಅರ್ಜಿ ಹಾಕುತ್ತಿದ್ದೇನೆ. ನೀರಿನ ಫಿಲ್ಟರ್ ತಯಾರಿಸುವ ಕಂಪನಿಯೊಂದು ಪಾಲುದಾರ. ಯೋಜನೆ ಯಾಕೆ ಬೇಕು, ತಾವೇನು ಕೊಡುತ್ತೇವೆ ಅಂತ ಅವರು ಹೇಳುವ ಸಪೋರ್ಟ್ ಲೆಟರ್ ಅರ್ಜಿಯ ಜೊತೆ ಹಾಕಬೇಕು. "ಲೆಟರ್ ನೀವೇ ಬರೆದು ಕಳಿಸಿ, ಸಹಿ ಹಾಕ್ತೀವಿ" ಅಂತಿದ್ದಾರೆ. ಹಾಗೆ ಮಾಡಬಹುದಾ?

ಉತ್ತರ: ಪುರುಸೊತ್ತಿಲ್ಲದವರು ಹೇಳುವ ಮಾತೇ ಅದು. ಆದರೂ ಪೂರ್ತಿ ಬರೆದುಕೊಡಬೇಡಿ. ನಿಮ್ಮ ಅರ್ಜಿಯ ವಾಕ್ಯಗಳೇ ಲೆಟರ್‌ನಲ್ಲೂ ಕಂಡರೆ ಪರಿಶೀಲಿಸುವವರಿಗೆ ತಕ್ಷಣ ಗೊತ್ತಾಗುತ್ತದೆ. ಕಂಪನಿಯವರಿಗೆ ಫೋನ್ ಮಾಡಿ ಕೇಳಿ: ಈ ಕೆಲಸ ನಿಮಗೆ ಯಾಕೆ ಬೇಕು? ಏನು ಕೊಡುತ್ತೀರಿ, ಯಾವಾಗ? ಫಲಿತಾಂಶ ಬಂದ ಮೇಲೆ ಅದನ್ನು ಏನು ಮಾಡುತ್ತೀರಿ? ಅವರು ಹೇಳಿದ್ದನ್ನು ಬರೆದುಕೊಂಡು ಕಳಿಸಿ. ಅದನ್ನಿಟ್ಟುಕೊಂಡು ಲೆಟರ್ ಅವರೇ ಬರೆಯಲಿ.

"ಈ ಮಹತ್ವದ ಯೋಜನೆಗೆ ನಮ್ಮ ಸಂಪೂರ್ಣ ಬೆಂಬಲವಿದೆ" ಅನ್ನುವ ಸಾಲಿನಿಂದ ಮೂರು ಕಾಸಿನ ಪ್ರಯೋಜನವಿಲ್ಲ. "ಈಗಿನ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತಿದೆ, ಗ್ರಾಹಕರಿಂದ ದೂರು ಬರುತ್ತಿದೆ. ಎರಡನೇ ವರ್ಷದಲ್ಲಿ ನಮ್ಮ ಪರೀಕ್ಷಾ ಘಟಕವನ್ನು 20 ದಿನ ಬಿಟ್ಟುಕೊಡುತ್ತೇವೆ, ಒಬ್ಬ ಎಂಜಿನಿಯರ್ ಜೊತೆಗಿರುತ್ತಾರೆ." ಇದು ಲೆಟರ್! ಕಂಪನಿಯ ಕಷ್ಟವೂ ಕಂಡಿತು, ಕೊಡುಗೆಯೂ ಕಂಡಿತು.

ಪ್ರಶ್ನೆ: ಅವರು ದುಡ್ಡು ಕೊಡಲ್ಲ, ಯಂತ್ರ ಮತ್ತು ಜನರ ಸಮಯ ಅಷ್ಟೇ. ಅದಕ್ಕೆ ಬೆಲೆ ಕಟ್ಟಬೇಕಾ?

ಉತ್ತರ: ಅನುದಾನ ಕೊಡುವವರು ಕೇಳಿದ್ದರೆ ಕಟ್ಟಲೇಬೇಕು. ನಗದು ಬೇರೆ, ವಸ್ತು ಮತ್ತು ಸಮಯ ಬೇರೆ ಅಂತ ಬಿಡಿಸಿ ಬರೆಯಲಿ. ಲೆಕ್ಕ ಹೇಗೆ ಬಂತು ಅಂತಲೂ ತೋರಿಸಲಿ: ಘಟಕದ ದಿನದ ಬಾಡಿಗೆ ಇಷ್ಟು, ದಿನ ಇಷ್ಟು. ಸುಮ್ನೆ ದೊಡ್ಡ ಮೊತ್ತ ಹಾಕಿದರೆ ಯಾರೂ ನಂಬುವುದಿಲ್ಲ. ಜಾಸ್ತಿ ಜನ ಎಡವುವುದು ಇನ್ನೊಂದು ಕಡೆ. ಲೆಟರ್‌ನಲ್ಲಿ 20 ದಿನ, ಅರ್ಜಿಯಲ್ಲಿ 30 ದಿನ ಇರುತ್ತದೆ. ಅರ್ಜಿ ತಿದ್ದಿದಾಗೆಲ್ಲ ಲೆಟರ್ ಜೊತೆ ತಾಳೆ ನೋಡಿ.

ಇನ್ನೊಬ್ಬರ ಪ್ರಶ್ನೆ: ನನ್ನದು ಅಮೆರಿಕದ ಎನ್‌ಎಸ್‌ಎಫ್‌ಗೆ (ನ್ಯಾಷನಲ್ ಸೈನ್ಸ್ ಫೌಂಡೇಶನ್, ಸಂಶೋಧನೆಗೆ ಅನುದಾನ ಕೊಡುವ ಸರ್ಕಾರಿ ಸಂಸ್ಥೆ) ಹೋಗುವ ಅರ್ಜಿ. ಅಲ್ಲಿಗೂ ಇದೇ ಥರ ಬರೆಸಬೇಕಾ?

ಉತ್ತರ: ಬೇಡ, ಅಲ್ಲಿ ಕಥೆ ಉಲ್ಟಾ. ಅರ್ಜಿ ಕರೆದ ಪ್ರಕಟಣೆಯಲ್ಲೇ ಕೇಳಿರದಿದ್ದರೆ ಯೋಜನೆಯನ್ನು ಹೊಗಳುವ ಬೆಂಬಲ ಪತ್ರ ಹಾಕುವಂತಿಲ್ಲ. ಸಹಯೋಗದ ಪತ್ರ ಮಾತ್ರ ಸಾಕು. ಅರ್ಜಿ ಆಯ್ಕೆಯಾದರೆ ಅದರಲ್ಲಿ ಹೇಳಿದಂತೆ ಕೈಜೋಡಿಸುತ್ತೇವೆ ಅನ್ನುವ ಒಂದೇ ವಾಕ್ಯ. ಯಂತ್ರ, ದಿನ ಇತ್ಯಾದಿ ವಿವರವೆಲ್ಲ ಅರ್ಜಿಯೊಳಗೇ ಹೋಗಬೇಕು. ನಿಯಮ ಮೀರಿದರೆ ಅರ್ಜಿ ಪರಿಶೀಲನೆಗೇ ಹೋಗದೆ ವಾಪಸ್ ಬರಬಹುದು.

ಮೊದಲು ಕೇಳಿದವರು: ಸಹಿ ಯಾರದಿರಬೇಕು ಮೇಡಂ? ನನಗೆ ಪರಿಚಯ ಇರುವವರು ಅಲ್ಲಿನ ಎಂಜಿನಿಯರ್.

ಉತ್ತರ: ಘಟಕ ಬಿಟ್ಟುಕೊಡುವ ಅಧಿಕಾರ ಅವರಿಗಿದೆಯಾ? ಇಲ್ಲ ಅಲ್ವಾ? ಹಾಗಾದರೆ ಅವರ ಮೇಲಿನವರು ಹಾಕಲಿ, ಲೆಟರ್‌ಹೆಡ್ ಮೇಲೆ, ತಾರೀಖು ಸಮೇತ. ಆ ಸಹಿಗೆ ಮೊದಲು ಕಂಪನಿಯ ವಕೀಲರೂ ಒಮ್ಮೆ ನೋಡುತ್ತೇವೆ ಅನ್ನಬಹುದು. ಅದಕ್ಕೆಲ್ಲ ಸಮಯ ಹಿಡಿಯುತ್ತದೆ, ಇವತ್ತೇ ಫೋನ್ ಮಾಡಿಬಿಡಿ.