ಅಪ್‌ಡೇಟ್: ಕ್ಯಾಲ್ಗರಿಯ ಚಳಿ ನೋಡಿ ಕೋಲಾರಕ್ಕೆ ಮರಳಿದೆವು

ಕೆನಡಾದ ಕ್ಯಾಲ್ಗರಿಯಲ್ಲಿ ಕೆಲಸ ಸಿಕ್ಕಿದೆ, ಕೋಲಾರದ ಬಿಸಿಲಲ್ಲಿ ಬೆಳೆದ ನಾವು ಮೈನಸ್ 25ರಲ್ಲಿ ಖುಷಿಯಾಗಿ ಬದುಕಬಹುದೇ ಎಂದು ಕೇಳಿದ್ದೆ. ‘ಒಪ್ಪುವ ಮುಂಚೆ ಜನವರಿಯಲ್ಲೇ ಹೋಗಿ ಹತ್ತು ದಿನ ಇದ್ದು ಬನ್ನಿ’ ಎಂದವರಿಗೆ ಕೈಮುಗಿಯುತ್ತೇನೆ. ಹಾಗೆಯೇ ಮಾಡಿದೆವು.

ಒಂದು ದಪ್ಪ ಕೋಟು ಸಾಕೆಂಬ ಸಲಹೆ ನಡೆಯಲಿಲ್ಲ. ಒಳಗಿನ ಹತ್ತಿಯ ಬನಿಯನ್ ಬೆವರು ಹೀರಿ, ನಡಿಗೆ ನಿಲ್ಲಿಸಿದ ಕೂಡಲೇ ಬೆನ್ನು ಕೊರೆಯತೊಡಗಿತು. ಮೈಗೆ ಅಂಟುವ ಉಣ್ಣೆಯ ಒಳಉಡುಪು, ಮೇಲೊಂದು ಸ್ವೆಟರ್, ಹೊರಗೆ ಗಾಳಿ ತಡೆಯುವ ಜಾಕೆಟ್: ಈ ಮೂರು ಪದರಗಳೇ ಕಾಪಾಡಿದವು. ನಗರದ ನಡುವೆ ಕಟ್ಟಡಗಳನ್ನು ಬೆಸೆಯುವ ‘ಪ್ಲಸ್ 15’ ಸೇತುವೆಗಳಿವೆ. ನೆಲದಿಂದ ಸುಮಾರು 15 ಅಡಿ ಮೇಲೆ ಬೆಚ್ಚಗೆ ಓಡಾಡಬಹುದು.

ಯಾರೂ ಹೇಳದಿದ್ದ ಸಂಗತಿ ಚಿನೂಕ್. ರಾಕಿ ಪರ್ವತಗಳಿಂದ ಇಳಿಯುವ ಒಣ ಬಿಸಿಗಾಳಿ ಅದು. ಆರನೆಯ ದಿನ ಬೆಳಿಗ್ಗೆ ಮೈನಸ್ 18 ಇತ್ತು; ಸಂಜೆಗೆ ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಪಡುವಣ ಆಕಾಶದಲ್ಲಿ ಮೋಡದ ದೊಡ್ಡ ಕಮಾನು. ಮಗಳು ಕೈಗವಸು ಕಳಚಿ ಆ ಹನಿಗಳನ್ನು ಅಂಗೈಯಲ್ಲಿ ಹಿಡಿದಳು. ಎಷ್ಟು ಚೆಂದವಿತ್ತು!

ಹೀಟರಿನಿಂದ ಮನೆಯೊಳಗಿನ ಗಾಳಿ ಮಾತ್ರ ಒಣಗಿ ತುಟಿ ಒಡೆಯಿತು. ರಾತ್ರಿ ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್ ಇಟ್ಟ ಮೇಲೆ ಸರಿಯಾಯಿತು.

ನಿನ್ನೆ ಒಪ್ಪಿಗೆ ಪತ್ರ ಕಳುಹಿಸಿದೆ.